ತೊರವಿಯ ನೀರಿನ ಋಣ

ವಿಜಯಪುರವನ್ನು ನೋಡಬೇಕೆಂದು ದೂರದಿಂದ ಬರುವ ಯಾತ್ರಿಕರು ಗೋಲಗುಮ್ಮಟದ ಪ್ರತಿಧ್ವನಿಯನ್ನು ಕೇಳಿ ಬೆರಗಾಗುವರು. ಇಬ್ರಾಹಿಂ ರೋಜಾದ ಕುಸುರಿ ಕೆಲಸವನ್ನು ಕಂಡು ತಲೆದೂಗುವರು. ತಾಜ್ ಬಾವಡಿಯ ಹಿರಿಯ ಕಮಾನಿನ ಮುಂದೆ ಒಂದು ಗಳಿಗೆ ನಿಂತು ಹಿಂದಿರುಗುವರು. ನಗರದ ಪಶ್ಚಿಮಕ್ಕೆ, ತಿಕೋಟೆಯ ಮೇಲೆ ಅಥಣಿಗೆ ಹೋಗುವ ದಾರಿಯಲ್ಲಿ, ಐದಾರು ಕಿಲೋಮೀಟರುಗಳ ಅಂತರದಲ್ಲಿರುವ ತೊರವಿಯನ್ನು ಅರಸಿಕೊಂಡು ಹೋಗುವವರು ವಿರಳ. ಮುಗಿಲು ಮುಟ್ಟುವ ಗುಮ್ಮಟವಾಗಲಿ, ಕಣ್ಣು ಕೋರೈಸುವ ಮಿನಾರುಗಳಾಗಲಿ ಅಲ್ಲಿಲ್ಲ. ಆದರೆ ನೋಡುವುದಕ್ಕಿಂತ ಯೋಚಿಸುವುದಕ್ಕೆ ಹೆಚ್ಚಿನ ಸಾಮಗ್ರಿಯನ್ನು ಒದಗಿಸುವ ಊರುಗಳು ಕೆಲವುಂಟು. ತೊರವಿಯು ಅಂಥವುಗಳಲ್ಲಿ ಒಂದು.

ಕಾವ್ಯದಲ್ಲಿ ಈ ಊರಿನ ಹೆಸರು ತೊರವೆ. ಈ ಭಾಗದ ಜನರ ಬಾಯಲ್ಲಿ ತೊರವಿ. ಇಲ್ಲಿ ನೆಲದ ಕೆಳಗೆ ಎರಡು ಸಂಪತ್ತುಗಳಿವೆ. ಒಂದು, ಕೆಳಗಿಳಿದು ದರ್ಶನ ಪಡೆಯಬೇಕಾದ ನರಸಿಂಹನ ಗುಡಿ. ಮತ್ತೊಂದು, ಆದಿಲ್ ಶಾಹಿ ಅರಸರ ಕಾಲದಲ್ಲಿ ನಗರಕ್ಕೆ ನೀರನ್ನೊಯ್ದ ಸುರಂಗ. ನೆಲದ ಮೇಲಿನ ಸಂಪತ್ತುಗಳೂ ಎರಡೇ. ಒಂದು, ಈ ಊರಿನ ಹೆಸರನ್ನೇ ಹೊತ್ತ ರಾಮಾಯಣ. ಇನ್ನೊಂದು, ಊರ ಬಳಿಯಲ್ಲಿ ಉಳಿದಿರುವ ನವರಸಪುರದ ಹಾಳು ಗೋಡೆಗಳು. ದೇವರು, ನೀರು, ಕಾವ್ಯ, ಅರಸುತನ ಎಂಬ ಈ ನಾಲ್ಕರ ಕಥೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಮನೆಮನೆಯಲ್ಲಿಯೂ ದಿನದಿನವೂ ಅಭ್ಯಸಿಸಬೇಕಾದ ಒಂದು ಗುಣದ ಪಾಠವು ಅವುಗಳಲ್ಲಿ ಅಡಗಿರುವುದು ಕಾಣುತ್ತದೆ. ಆ ಗುಣವೇ ಕೃತಜ್ಞತೆ.

ಮೊದಲು ನೀರಿನ ಮಾತು. ವಿಜಯಪುರದ ಸೀಮೆ ಬರಕ್ಕೆ ಹೆಸರಾದುದು. ಮಳೆ ಕಡಮೆ; ಬಂದರೂ ಕಾಲಕ್ಕೆ ಬರುವುದೆಂಬ ನಂಬಿಕೆಯಿಲ್ಲ. ಇಂಥ ನೆಲದಲ್ಲಿ ಒಂದು ರಾಜಧಾನಿಯನ್ನು ಕಟ್ಟಿ, ಲಕ್ಷಾವಧಿ ಜನ ವಾಸಿಸುವಂತೆ ಮಾಡಬೇಕಾದರೆ ಕೋಟೆಯ ಗೋಡೆಗಿಂತ ಮೊದಲು ನೀರಿನ ಚಿಂತೆಯನ್ನು ಮಾಡಬೇಕಾಗುವುದು. ನಗರದೊಳಗೆ ಬಾವಡಿಗಳನ್ನು ತೋಡಿದರು. ಮೊದಲನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ, ೧೫೭೯ರಲ್ಲಿ, ಚಾಂದ್ ಬಾವಡಿಯಾಯಿತು. ೧೬೨೦ರಲ್ಲಿ ಎರಡನೆಯ ಇಬ್ರಾಹಿಮನ ರಾಣಿ ತಾಜ್ ಸುಲ್ತಾನಳ ಹೆಸರಿನಲ್ಲಿ ಮಲಿಕ್ ಸಂದಲನು ತಾಜ್ ಬಾವಡಿಯನ್ನು ಕಟ್ಟಿಸಿದನು. ಬಾವಡಿಗಳ ನೀರಷ್ಟೇ ಸಾಲದಾದುದರಿಂದ ಹೊರಗಿನಿಂದಲೂ ತರಬೇಕಾಯಿತು. ದಕ್ಷಿಣದಲ್ಲಿ ೧೬೫೧ರಲ್ಲಿ ಕಟ್ಟಿದ ಬೇಗಂ ತಲಾಬದಿಂದ ಮಣ್ಣಿನ ಕೊಳವೆಗಳ ಮೂಲಕ ನೀರು ಬಂದಿತು. ಅದಕ್ಕೂ ಮೊದಲೇ ಪಶ್ಚಿಮದ ತೊರವಿಯಿಂದ ಸುರಂಗದ ಮೂಲಕ ನೀರು ಹರಿದು ಬರುತ್ತಿದ್ದಿತು.

ಈ ಸುರಂಗದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು; ಏಕೆಂದರೆ ನಮ್ಮ ವಿಷಯದ ತಿರುಳು ಅದರಲ್ಲಿಯೇ ಇದೆ. ಇರಾನದ ಒಣಭೂಮಿಯಲ್ಲಿ ಬಹು ಪ್ರಾಚೀನ ಕಾಲದಿಂದಲೂ ಬಳಕೆಯಲ್ಲಿದ್ದ ಈ ವಿದ್ಯೆಗೆ ಕರೇಜ್ ಎಂದು ಹೆಸರು. ಬೀದರಿನ ನೌಬಾದಿನಲ್ಲಿಯೂ ಇಂತಹದೊಂದು ಉಂಟು. ಎತ್ತರದ ನೆಲದಲ್ಲಿ ನೀರಿನ ಸೆಲೆಯಿರುವ ಕಡೆ ಮೊದಲು ಒಂದು ಬಾವಿಯನ್ನು ತೋಡುವರು. ಅಲ್ಲಿಂದ ನೀರು ಬೇಕಾದ ದಿಕ್ಕಿಗೆ, ಒಂದರ ಮುಂದೊಂದರಂತೆ, ಬಾವಿಗಳ ಸಾಲನ್ನೇ ಇಳಿಸುವರು. ಆ ಬಾವಿಗಳ ತಳವನ್ನು ಒಂದರಿಂದೊಂದಕ್ಕೆ ಕೊರೆದು ಕೂಡಿಸಿದರೆ ನೆಲದೊಳಗೆ ಒಂದು ಕಾಲುವೆಯಾಗುವುದು. ಕೊರೆಯುವಾಗ ಮಣ್ಣನ್ನೂ ಕಲ್ಲನ್ನೂ ಮೇಲಕ್ಕೆಳೆಯಲು ಈ ಬಾವಿಗಳೇ ದಾರಿ. ಒಳಗೆ ದುಡಿಯುವವನಿಗೆ ಗಾಳಿಬೆಳಕು ದೊರೆಯುವುದೂ ಇವುಗಳಿಂದಲೇ. ಮುಂದೆ ಹೂಳು ತುಂಬಿದಾಗ ಇಳಿದು ತೆಗೆಯುವುದೂ ಇವುಗಳ ಮೂಲಕವೇ. ಸುರಂಗದ ಇಳಿಜಾರು ಬಹು ನಾಜೂಕಿನದು. ಇಳಿಜಾರು ಹೆಚ್ಚಾದರೆ ನೀರು ರಭಸದಿಂದ ತಳವನ್ನು ಕೊರೆದು ಹಾಕುವುದು; ಕಡಮೆಯಾದರೆ ಅಲ್ಲಲ್ಲಿ ನಿಂತು ಹೂಳು ಕಟ್ಟುವುದು. ಇವೆರಡರ ನಡುವಣ ಹದವನ್ನು ಕತ್ತಲೆಯಲ್ಲಿ, ಗುದ್ದಲಿ ಉಳಿಗಳಿಂದ, ಹಣತೆಯ ಬೆಳಕಿನಲ್ಲಿ ಸಾಧಿಸಬೇಕು. ಒಮ್ಮೆ ಸಾಧಿಸಿದ ಮೇಲೆ ಎತ್ತುಗಳು ಬೇಡ, ಯಂತ್ರ ಬೇಡ, ಎಣ್ಣೆ ಬೇಡ. ಬಿಸಿಲಿಗೆ ಆವಿಯಾಗದೆ, ಶತ್ರುವಿನ ಕಣ್ಣಿಗೂ ಬೀಳದೆ, ನೀರು ತನ್ನ ಭಾರದಿಂದ ತಾನೇ ಹರಿಯುತ್ತಿರುವುದು.

ಈಗ ವಾಚಕರು ಆ ಕಾಲದ ವಿಜಯಪುರದ ಒಂದು ಮನೆಯನ್ನು ಕಲ್ಪಿಸಿಕೊಳ್ಳಲಿ. ಬೆಳಗಾಗುತ್ತಲೆ ಗೃಹಿಣಿಯೊಬ್ಬಳು ಕೊಡವನ್ನು ಕಂಕುಳಲ್ಲಿಟ್ಟು ಹೌದಿಗೆ ಹೋಗುವಳು. ನೀರನ್ನು ತುಂಬಿ ತರುವಳು. ಅಡಿಗೆಯಾಗುವುದು, ಮಕ್ಕಳು ಕುಡಿಯುವುವು, ತುಳಸಿಗೆ ಒಂದು ತಂಬಿಗೆ ಎರೆಯುವುದೂ ಆಗುವುದು. ಹೌದನ್ನು ಕಟ್ಟಿಸಿದ ಶ್ರೀಮಂತನ ಹೆಸರು ಕಲ್ಲಿನ ಮೇಲೆ ಕೆತ್ತಿರಬಹುದು. ಅರಸನ ಹೆಸರು ಎಲ್ಲರಿಗೂ ಗೊತ್ತು. ಆದರೆ ಮೈಲಿಗಳಾಚೆ ನೆಲದೊಳಗೆ ಮೊಣಕಾಲೂರಿ ಕುಳಿತು ಬಂಡೆಯನ್ನು ಕಡಿದವನು ಯಾರು? ಮೇಲಿನಿಂದ ಹಗ್ಗ ಹಿಡಿದು ಮಣ್ಣಿನ ಬುಟ್ಟಿಯನ್ನು ಎಳೆದವನು ಯಾರು? ಮಣ್ಣು ಕುಸಿದು ಮೇಲೆ ಬಾರದೆ ಉಳಿದವರಿದ್ದರೆ ಅವರ ಮನೆಗಳು ಯಾವುವು? ಇತಿಹಾಸವು ಅವರ ಹೆಸರುಗಳನ್ನು ಬರೆದಿಟ್ಟಿಲ್ಲ. ಆ ಮನೆಯ ಮಗುವಿನ ಬಾಯಾರಿಕೆ ತೀರಿದುದು ಅವರಿಂದಲೇ ಎಂಬುದು ಮಾತ್ರ ನಿಜ.

ಇಲ್ಲಿ ಒಂದು ಶಬ್ದದ ವಿಚಾರಕ್ಕೆ ಹೊರಳಬೇಕಾಗಿದೆ. ನಾವು ದಿನವೂ ಆಡುವ ಕೃತಜ್ಞತೆ ಎಂಬ ಮಾತನ್ನು ಬಿಡಿಸಿ ನೋಡಿದರೆ ಕೃತ ಎಂದರೆ ಮಾಡಿದ್ದು, ಜ್ಞ ಎಂದರೆ ಅರಿತವನು. ತನಗಾಗಿ ಯಾರು ಏನನ್ನು ಮಾಡಿದರೆಂಬುದನ್ನು ಅರಿತವನು ಕೃತಜ್ಞ. ಗಮನಿಸಿರಿ: ಈ ಶಬ್ದದಲ್ಲಿ ಬಾಯಿಮಾತಿನ ಸೂಚನೆಯಿಲ್ಲ, ಕೈಮುಗಿಯುವ ಸೂಚನೆಯಿಲ್ಲ, ಕಣ್ಣೀರಿನ ಸೂಚನೆಯೂ ಇಲ್ಲ, ಇರುವುದು ಅರಿವಿನ ಸೂಚನೆ. ಉಪಕಾರವನ್ನು ಅರಿಯದವನು ಎಷ್ಟು ಸಲ ಧನ್ಯವಾದಗಳನ್ನು ಉಚ್ಚರಿಸಿದರೂ ಕೃತಜ್ಞನಾಗಲಾರನು. ಇದಕ್ಕೆ ವಿರುದ್ಧವಾದ ಶಬ್ದ ಕೃತಘ್ನ. ಶಾಲೆಯ ಮಕ್ಕಳು ಇವೆರಡನ್ನೂ ಬರೆಯುವಾಗ ಅದಲುಬದಲು ಮಾಡುವುದುಂಟು. ಕಣ್ಣಿಗೆ ಒಂದು ಒತ್ತಕ್ಷರದ ವ್ಯತ್ಯಾಸವಷ್ಟೇ ಕಾಣುತ್ತದೆ. ಅರ್ಥದಲ್ಲಿ ಮಾತ್ರ ಆಕಾಶಪಾತಾಳಗಳ ಅಂತರವಿದೆ. ಘ್ನ ಎಂದರೆ ಕೊಲ್ಲುವವನು. ಮಾಡಿದ್ದನ್ನು ಕೊಲ್ಲುವವನು ಕೃತಘ್ನ. ಉಪಕಾರವನ್ನು ಮರೆತವನನ್ನು ಕೊಲೆಗಾರನೆಂದು ಕರೆಯುವುದು ಅತಿಯಾಯಿತೆಂದು ತೋರಬಹುದು. ತೊರವಿಯ ಸುರಂಗವನ್ನು ಕಂಡವರಿಗೆ ಅದು ಅತಿಯಲ್ಲವೆಂದು ಮನಗಾಣುವುದು.

ಏಕೆಂದರೆ, ಆ ಸುರಂಗವು ಇಂದು ನಗರಕ್ಕೆ ನೀರನ್ನು ಕೊಡುತ್ತಿಲ್ಲ. ಅಲ್ಲಲ್ಲಿ ಕುಸಿದಿದೆ, ಹೂಳು ತುಂಬಿದೆ, ಗಾಳಿಬೆಳಕಿನ ಬಾವಿಗಳಲ್ಲಿ ಹಲವು ಮುಚ್ಚಿಹೋಗಿವೆ. ನಗರದ ಬಾವಡಿಗಳ ಗತಿಯೂ ಬಹುಕಾಲ ಹೀಗೆಯೇ ಇದ್ದಿತು. ನಲ್ಲಿಯ ನೀರು ಮನೆಯೊಳಗೆ ಬಂದಿತು. ಬಾವಡಿಯ ಕಡೆಗೆ ಹೋಗುವ ಕಾಲುದಾರಿ ಹುಲ್ಲು ಬೆಳೆಯಿತು. ತಲೆತಲಾಂತರ ನೀರು ಕೊಟ್ಟ ಬಾಯಿಗೆ ಮನೆಯ ಕಸ ಬಿದ್ದಿತು. ಯಾರೂ ದ್ವೇಷದಿಂದ ಇದನ್ನು ಮಾಡಲಿಲ್ಲ. ಅರಿಯದೆ ಮಾಡಿದರು, ಅಷ್ಟೆ. ಆದರೆ ಅರಿಯದಿರುವುದೇ ಇಲ್ಲಿ ಕೊಲೆಯಾಯಿತು. ನೂರಾರು ಕೈಗಳು ಮಾಡಿದ್ದು ಸತ್ತಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆಯು ಮನುಷ್ಯನ ಸ್ವಭಾವವನ್ನು ಹೇಳುತ್ತದೆ. ಮತ್ತೊಮ್ಮೆ ಹೊಳೆಗೆ ನೆರೆ ಬಂದಾಗ ಅಂಬಿಗನೂ ಇಲ್ಲ, ದೋಣಿಯೂ ಇಲ್ಲ ಎಂಬ ಪರಿಣಾಮವನ್ನು ಅದು ಹೇಳುವುದಿಲ್ಲ. ಬರ ಬಂದ ವರ್ಷಗಳಲ್ಲಿ ವಿಜಯಪುರದ ಜನ ಆ ಪರಿಣಾಮವನ್ನು ಕಂಡರು. ಸಂತೋಷದ ಸಂಗತಿಯೆಂದರೆ, ಈಚಿನ ದಶಕದಲ್ಲಿ ತಾಜ್ ಬಾವಡಿಯೇ ಮೊದಲಾದವುಗಳ ಹೂಳೆತ್ತುವ ಕೆಲಸ ನಡೆಯಿತು. ಜಗತ್ತಿನಲ್ಲಿ ರಕ್ಷಣೆಗೆ ಅರ್ಹವಾದ ಪುರಾತನ ಸ್ಥಳಗಳ ೨೦೨೦ನೆಯ ವರ್ಷದ ಪಟ್ಟಿಯಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಸಂಸ್ಥೆಯು ಈ ಸುರಂಗ ಬಾವಡಿಯನ್ನೂ ಸೇರಿಸಿತು. ಹೊರಗಿನವರು ಬಂದು ಹೇಳಿದ ಮೇಲಾದರೂ ನಮ್ಮ ಮನೆಯ ಹಿತ್ತಿಲಲ್ಲಿದ್ದ ನಿಧಿಯ ಕಡೆಗೆ ನಾವು ತಿರುಗಿ ನೋಡಿದೆವಷ್ಟೆ.

ನೀರಿನ ಋಣದಂತೆಯೇ ಮಾತಿನ ಋಣವೂ ಒಂದುಂಟು. ಅದನ್ನು ತಿಳಿಯಲು ತೊರವಿಯ ಕವಿಯ ಬಳಿಗೆ ಹೋಗೋಣ. ಸುಮಾರು ಐದು ನೂರು ವರ್ಷಗಳ ಹಿಂದೆ ಇಲ್ಲಿಯ ನರಸಿಂಹನ ಸನ್ನಿಧಿಯನ್ನು ನಂಬಿದ ಕವಿಯೊಬ್ಬನು ರಾಮಕಥೆಯನ್ನು ಭಾಮಿನೀ ಷಟ್ಪದಿಯಲ್ಲಿ ಹಾಡಿದನು. ಸುಮಾರು ಐದು ಸಾವಿರ ಪದ್ಯಗಳ ಆ ಮಹಾಕಾವ್ಯವನ್ನು ಕನ್ನಡ ನಾಡು ತಲೆಯ ಮೇಲೆ ಹೊತ್ತುಕೊಂಡಿತು. ಮನೆಯ ಜಗುಲಿಗಳಲ್ಲಿ, ದೇವಾಲಯದ ಮಂಟಪಗಳಲ್ಲಿ ಗಮಕಿಗಳು ಅದನ್ನು ವಾಚಿಸಿದರು. ಕರಾವಳಿಯಲ್ಲಿ ಪಾರ್ತಿಸುಬ್ಬನ ಯಕ್ಷಗಾನ ಪ್ರಸಂಗಗಳಿಗೆ ಅದು ಆಕರವಾಯಿತು. ಇಷ್ಟು ದೊಡ್ಡ ಕೆಲಸವನ್ನು ಮಾಡಿದವನು ತನ್ನ ಹೆಸರನ್ನು ಹೇಗೆ ಹೇಳಿಕೊಂಡನು? ಅವನ ನಿಜನಾಮ ನರಹರಿಯೆಂದು ಪರಂಪರೆಯು ಹೇಳುತ್ತದೆ. ಆದರೆ ಲೋಕವು ಅರಿತುದು ಕುಮಾರ ವಾಲ್ಮೀಕಿಯೆಂಬ ಹೆಸರನ್ನು. ಎಂದರೆ ವಾಲ್ಮೀಕಿಯ ಮಗ. ಕಾವ್ಯದ ಅಂಕಿತವೋ ತೊರವೆಯ ನರಸಿಂಹನದು. ಕಥೆ ಯಾರದೆಂಬುದನ್ನು ಹೆಸರಿನಲ್ಲಿಟ್ಟನು. ಶಕ್ತಿ ಯಾರದೆಂಬುದನ್ನು ಅಂಕಿತದಲ್ಲಿಟ್ಟನು. ತನಗೆಂದು ಉಳಿಸಿಕೊಂಡುದು ಕೇವಲ ದುಡಿಮೆಯನ್ನು. ಅವನಿಗಿಂತ ಹಿಂದೆ ಗದುಗಿನಲ್ಲಿ ಭಾರತವನ್ನು ಬರೆದವನೂ ತನ್ನನ್ನು ವ್ಯಾಸನ ಕುಮಾರನೆಂದೇ ಕರೆದುಕೊಂಡಿದ್ದನು. ಈ ಇಬ್ಬರಿಗೂ ಹೆಸರೇ ಕೃತಜ್ಞತೆಯಾಯಿತು.

ಇದಕ್ಕಿಂತ ವಿಸ್ಮಯದ ಸಂಗತಿಯು ಅದೇ ಊರಿನ ಬಳಿಯ ಹಾಳು ಗೋಡೆಗಳಲ್ಲಿದೆ. ಎರಡನೆಯ ಇಬ್ರಾಹಿಂ ಆದಿಲ್ ಶಾಹನು ಸಂಗೀತಪ್ರಿಯನು, ಜಗದ್ಗುರುವೆಂಬ ಬಿರುದುಳ್ಳವನು. ೧೫೯೯ರಲ್ಲಿ ಅವನು ತೊರವಿಯ ಬಳಿ ನವರಸಪುರವೆಂಬ ಹೊಸ ನಗರವನ್ನು ಕಟ್ಟಿಸತೊಡಗಿದನು. ಅಲ್ಲಿಯ ಸಂಗೀತ ಮಹಲಿನ ಮುರಿದ ಕಮಾನುಗಳು ಇಂದಿಗೂ ನಿಂತಿವೆ. ದಖನಿ ಭಾಷೆಯಲ್ಲಿ ಅವನು ರಚಿಸಿದ ಕಿತಾಬ್-ಎ-ನವರಸ್ ಎಂಬ ಗೀತಗಳ ಗ್ರಂಥವು ಸರಸ್ವತಿಯ ಸ್ಮರಣೆಯಿಂದ ಮೊದಲಾಗುತ್ತದೆ. ಗಣಪತಿಯೇ ತನಗೆ ತಂದೆ, ಶಾರದೆಯೇ ತಾಯಿ ಎಂಬ ಭಾವವನ್ನು ಆ ಸುಲ್ತಾನನು ಅದರಲ್ಲಿ ತೋಡಿಕೊಂಡಿದ್ದಾನೆ. ಮುಸಲ್ಮಾನ ಧರ್ಮದಲ್ಲಿ ಹುಟ್ಟಿದ ಅರಸನು, ತಾನು ಪಡೆದ ವಿದ್ಯೆಯು ಯಾವ ಮಣ್ಣಿನಿಂದ ಬಂದಿತೋ ಆ ಮಣ್ಣಿನ ದೇವತೆಯನ್ನು ತಾಯಿಯೆಂದು ಕರೆಯಲು ಸಂಕೋಚಪಡಲಿಲ್ಲ. ಹೀಗೆ ತೊರವಿಯ ಒಂದೇ ಪರಿಸರದಲ್ಲಿ, ನೂರು ವರ್ಷಗಳ ಅಂತರದಲ್ಲಿ, ಒಬ್ಬ ಬಡ ಕವಿಯೂ ಒಬ್ಬ ಸಿರಿವಂತ ಸುಲ್ತಾನನೂ ತಮ್ಮನ್ನು ಮತ್ತೊಬ್ಬರ ಮಗನೆಂದು ಕರೆದುಕೊಂಡರು. ೧೬೨೪ರಲ್ಲಿ ಮಲಿಕ್ ಅಂಬರನ ದಂಡು ಬಂದು ನವರಸಪುರವನ್ನು ಸೂರೆಮಾಡಿತು. ನಗರವು ಮತ್ತೆ ಏಳಲಿಲ್ಲ. ಮಹಲು ಉರುಳಿದರೂ ತಾಯಿಯನ್ನು ನೆನೆದ ಹಾಡು ಉಳಿಯಿತು.

ಉಪಕಾರವನ್ನು ಅರಿತ ಮೇಲೆ ಅದನ್ನು ಹಿಂದಿರುಗಿಸುವುದು ಹೇಗೆಂಬ ಪ್ರಶ್ನೆ ಬರುತ್ತದೆ. ರಾಮಕಥೆಯ ಊರಾದುದರಿಂದ ಉತ್ತರವನ್ನು ರಾಮಾಯಣದಲ್ಲಿಯೇ ನೋಡೋಣ. ಆದಿಕವಿಯ ಕಾವ್ಯದಲ್ಲಿ ಇದರ ಎರಡು ಚಿತ್ರಗಳಿವೆ. ಒಂದು ಕಿಷ್ಕಿಂಧೆಯಲ್ಲಿ. ರಾಮನಿಂದ ರಾಜ್ಯವನ್ನೂ ಹೆಂಡತಿಯನ್ನೂ ಮರಳಿ ಪಡೆದ ಸುಗ್ರೀವನು ಮಳೆಗಾಲ ಕಳೆದರೂ ಕೊಟ್ಟ ಮಾತನ್ನು ಮರೆತು ಸುಖದಲ್ಲಿ ಮುಳುಗಿದ್ದನು. ಕೋಪದಿಂದ ಬಂದ ಲಕ್ಷ್ಮಣನು, ಗೋಹತ್ಯೆಗೂ ಸುರಾಪಾನಕ್ಕೂ ಕಳ್ಳತನಕ್ಕೂ ಹಿರಿಯರು ಪ್ರಾಯಶ್ಚಿತ್ತವನ್ನು ಹೇಳಿದ್ದಾರೆ, ಕೃತಘ್ನನಿಗೆ ಮಾತ್ರ ಹೇಳಿಲ್ಲವೆಂದು ಗದರಿಸಿದನು. ಎಚ್ಚತ್ತ ಸುಗ್ರೀವನು ಕ್ಷಮೆಯನ್ನು ಬೇಡಿದ್ದಷ್ಟೇ ಅಲ್ಲ, ನಾಲ್ಕು ದಿಕ್ಕುಗಳಿಗೂ ವಾನರರನ್ನು ಕಳುಹಿಸಿದನು. ಮರೆವಿಗೆ ಮದ್ದು ಮಾತಲ್ಲ, ಕೆಲಸವೆಂದು ಇದರ ತಾತ್ಪರ್ಯ.

ಎರಡನೆಯ ಚಿತ್ರವು ಇನ್ನೂ ಸೂಕ್ಷ್ಮವಾದುದು. ಉತ್ತರಕಾಂಡದಲ್ಲಿ ಹನುಮಂತನನ್ನು ಬೀಳ್ಕೊಡುವಾಗ ರಾಮನು, ನೀನು ಮಾಡಿದ ಉಪಕಾರವು ತೀರದ ಸಾಲವಾಗಿಯೇ ನನ್ನ ಮೈಯಲ್ಲಿ ಜೀರ್ಣವಾಗಿಹೋಗಲಿ ಎನ್ನುತ್ತಾನೆ. ಪ್ರತ್ಯುಪಕಾರವನ್ನು ಸ್ವೀಕರಿಸಬೇಕಾದರೆ ಮನುಷ್ಯನು ಆಪತ್ತಿನಲ್ಲಿರಬೇಕು. ಆದುದರಿಂದ ಸಾಲವನ್ನು ತೀರಿಸಲು ಹಾತೊರೆಯುವುದೆಂದರೆ ಉಪಕಾರಿಗೆ ಕಷ್ಟವನ್ನು ಬಯಸಿದಂತೆ ಎಂಬುದು ಅವನ ಆಶಯ. ಎಂತಹ ಮಾತು! ಕೊಟ್ಟದ್ದಕ್ಕೆ ಕೊಟ್ಟು ಲೆಕ್ಕ ಮುಗಿಸುವುದು ಅಂಗಡಿಯ ಧರ್ಮ. ಮದುವೆಮುಂಜಿಗಳಲ್ಲಿ ಬಂದ ಉಡುಗೊರೆಗಳ ಪಟ್ಟಿಯನ್ನಿಟ್ಟು ಅಷ್ಟಕ್ಕಷ್ಟೇ ಹಿಂದಿರುಗಿಸಿ ನಿರಾಳವಾಗುವ ನಮಗೆ ಇದು ಯೋಚಿಸತಕ್ಕ ಮಾತು. ಕೆಲವು ಋಣಗಳನ್ನು ತೀರಿಸಬಾರದು, ಹೊತ್ತುಕೊಂಡೇ ಇರಬೇಕು. ಹೊತ್ತವನು ಮೃದುವಾಗುವನು.

ಹಾಗೆಂದರೆ ಬಾಳೆಲ್ಲ ಹಂಗಿನಲ್ಲಿರಬೇಕೆ, ಎಂದು ಕೆಲವರು ಕೇಳಬಹುದು. ಹಂಗು ಬೇರೆ, ಋಣ ಬೇರೆ. ಕನ್ನಡವು ಇವೆರಡಕ್ಕೂ ಬೇರೆ ಬೇರೆ ಮಾತುಗಳನ್ನಿಟ್ಟಿರುವುದು ಸುಮ್ಮನಲ್ಲ. ಕೊಟ್ಟವನು ನೆನಪಿಸಿದರೆ ಹಂಗು; ಪಡೆದವನು ನೆನೆದರೆ ಋಣ. ಹಂಗಿನಲ್ಲಿ ತಲೆ ಬಾಗುವುದು ಭಾರದಿಂದ, ಋಣದಲ್ಲಿ ಬಾಗುವುದು ಪ್ರೀತಿಯಿಂದ. ಆದುದರಿಂದ ಕೃತಜ್ಞತೆಯನ್ನು ತನ್ನಲ್ಲಿ ಬೆಳೆಸಿಕೊಳ್ಳಬಹುದೇ ಹೊರತು ಮತ್ತೊಬ್ಬರಿಂದ ವಸೂಲು ಮಾಡಲಾಗದು. ನಾನು ನಿನ್ನನ್ನು ಸಾಕಿದೆ ಎಂದು ದಿನವೂ ಮಗನಿಗೆ ಹೇಳುವ ತಂದೆಯು ಮಗನ ಋಣವನ್ನು ಹಂಗಾಗಿ ಮಾರ್ಪಡಿಸುತ್ತಾನೆ. ದುಡಿದವನಿಗೆ ಸಲ್ಲಬೇಕಾದ ಕೂಲಿಯನ್ನು ಹಿಡಿದಿಟ್ಟು, ಕೊಟ್ಟಷ್ಟಕ್ಕೆ ಸಂತೋಷಪಡಬೇಕೆಂದು ಉಪದೇಶಿಸುವ ಯಜಮಾನನು ಕೃತಜ್ಞತೆಯ ಹೆಸರಿನಲ್ಲಿ ಅನ್ಯಾಯವನ್ನೇ ಮಾಡುತ್ತಾನೆ. ಸುರಂಗ ತೋಡಿದವರಿಗೆ ಇಂದು ನಾವು ಕೂಲಿ ಕೊಡಲಾರೆವು. ನಮ್ಮ ಬೀದಿಯ ಗಟಾರು ತೆಗೆಯುವವರಿಗೆ, ಮನೆಯ ಮುಸುರೆ ತಿಕ್ಕುವವರಿಗೆ ಕೊಡಬಲ್ಲೆವು. ಮೊದಲು ಕೂಲಿ, ಆಮೇಲೆ ಸ್ಮರಣೆ. ಕ್ರಮವು ಹೀಗೆಯೇ ಇರಬೇಕು.

ನಮ್ಮ ಪೂರ್ವಿಕರು ದೇವಋಣ, ಋಷಿಋಣ, ಪಿತೃಋಣವೆಂದು ಮೂರನ್ನು ಎಣಿಸಿದರು. ಅವುಗಳ ಪರಿಹಾರವನ್ನು ನೋಡಿದರೆ, ಹೆಚ್ಚಿನವು ಹಿಂದಕ್ಕಲ್ಲ, ಮುಂದಕ್ಕೇ ಸಲ್ಲತಕ್ಕವು. ಋಷಿಗಳ ಋಣವು ತೀರುವುದು ಓದಿ ಓದಿಸುವುದರಿಂದ. ತಂದೆತಾಯಿಗಳ ಋಣವು ತೀರುವುದು ಸಂತಾನವನ್ನು ಬೆಳೆಸುವುದರಿಂದ. ನೀರಿನ ಗುಣವೂ ಅದೇ. ತೊರವಿಯಿಂದ ನಗರಕ್ಕೆ ಹರಿದ ನೀರು ಮತ್ತೆ ತೊರವಿಗೆ ಏರುವುದಿಲ್ಲ. ಕುಡಿದವರು ಮೂಲಕ್ಕೆ ಒಂದು ತಂಬಿಗೆಯನ್ನೂ ಹಿಂದಿರುಗಿಸಲಾರರು. ಅವರು ಮಾಡಬಹುದಾದುದು ಒಂದೇ: ಕಾಲುವೆಯನ್ನು ಚೊಕ್ಕಟವಾಗಿಟ್ಟು, ಕೆಳಗಿನ ಓಣಿಯವರಿಗೆ ಹರಿಯಗೊಡುವುದು.

ಈ ಸೀಮೆಯ ಒಕ್ಕಲು ಮಕ್ಕಳಿಗೆ ಈ ತತ್ವವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಎಳ್ಳಮವಾಸ್ಯೆಯ ದಿನ ತಿಕೋಟೆ ಬಬಲೇಶ್ವರಗಳ ಕಪ್ಪು ಎರೆಯ ಹೊಲಗಳ ಕಡೆಗೆ ಹೋಗಿ ನೋಡಬೇಕು. ಎದೆಯುದ್ದ ಬೆಳೆದ ಬಿಳಿಜೋಳವು ನೆಲದೊಳಗಿನ ಹಸಿಯನ್ನೇ ನಂಬಿ ನಿಂತಿರುತ್ತದೆ. ಮನೆಯ ಹೆಂಗಸರು ಹಿಂದಿನ ದಿನದಿಂದಲೇ ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಡಬು, ಶೇಂಗಾ ಹೋಳಿಗೆ, ಮೊಸರಿನ ಬುತ್ತಿಗಳನ್ನು ಅಣಿಮಾಡುವರು. ಬಂಡಿಗಳಲ್ಲಿ, ಈಗ ಟ್ರ್ಯಾಕ್ಟರುಗಳಲ್ಲಿಯೂ, ಬಂಧುಬಾಂಧವರೊಡನೆ ಹೊಲಕ್ಕೆ ಹೋಗುವರು. ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ತಾವು ಉಣ್ಣುವುದಕ್ಕೆ ಮೊದಲು ಹೊಲದ ಸುತ್ತಲೂ ಚರಗ ಚೆಲ್ಲುವರು. ಆ ಅನ್ನ ಭೂಮಿತಾಯಿಗೆ. ಜೊತೆಗೆ ಇರುವೆಗೆ, ಗುಬ್ಬಿಗೆ, ಹೆಸರಿಲ್ಲದ ಹುಳುವಿಗೆ. ಯಾವ ಜೀವವು ಬೆಳೆಗೆ ಎಷ್ಟು ಸಹಾಯ ಮಾಡಿತೆಂಬ ಲೆಕ್ಕ ಅಲ್ಲಿಲ್ಲ. ಅರಿಯದ ಉಪಕಾರಿಗಳೂ ಇದ್ದಾರೆಂಬ ಅರಿವು ಮಾತ್ರ ಇದೆ. ಗಮನಿಸಬೇಕಾದುದೆಂದರೆ, ಸುಗ್ಗಿಯು ಕೈಗೆ ಬಂದ ಮೇಲಲ್ಲ, ಪೈರು ಇನ್ನೂ ಹೊಲದಲ್ಲಿರುವಾಗಲೇ ಈ ಸ್ಮರಣೆಯು ನಡೆಯುತ್ತದೆ. ಬೆಳೆ ಬಂದರೆ ನೆನೆಯುವುದು ವ್ಯಾಪಾರ. ಬರುವುದಕ್ಕೆ ಮೊದಲೇ ನೆನೆಯುವುದು ಧರ್ಮ.

ತಿಕೋಟೆಯ ಸಮೀಪದ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ನೆಲೆಸಿ, ೨೦೨೩ರ ಜನವರಿ ೨ರಂದು ದೇಹವನ್ನು ಬಿಟ್ಟ ಸಿದ್ಧೇಶ್ವರ ಸ್ವಾಮಿಗಳ ನಡೆಯನ್ನೂ ಇಲ್ಲಿ ಸ್ಮರಿಸುವುದು ಯುಕ್ತ. ಅವರು ತಮ್ಮ ಅಂಗಿಗೆ ಜೇಬನ್ನೇ ಇಡಿಸಲಿಲ್ಲ. ೨೦೧೮ರಲ್ಲಿ ಬಂದ ಪದ್ಮಶ್ರೀ ಗೌರವವನ್ನು ವಿನಯದಿಂದ ಹಿಂದಿರುಗಿಸಿದರು. ೨೦೧೪ರ ಗುರುಪೂರ್ಣಿಮೆಯ ದಿನವೇ ಅವರು ಬರೆದಿಟ್ಟ ಪತ್ರಕ್ಕೆ ಅಂತಿಮ ಅಭಿವಂದನ ಪತ್ರವೆಂದು ಹೆಸರು. ಸಾವಿನ ನಂತರ ತೆರೆಯಬೇಕಾದ ಪತ್ರಗಳಲ್ಲಿ ಲೋಕದ ಜನ ಆಸ್ತಿಯ ಹಂಚಿಕೆಯನ್ನು ಬರೆಯುವರು. ಇವರು ಬರೆದುದು ವಂದನೆಯನ್ನು. ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಬೂದಿಯನ್ನು ನೀರಿಗೆ ಬಿಡಬೇಕು, ಸ್ಮಾರಕವನ್ನು ಕಟ್ಟಬಾರದೆಂದು ಹೇಳಿದರು. ಪಂಚಭೂತಗಳಿಂದ ಪಡೆದುದನ್ನು ಅವಕ್ಕೇ ಒಪ್ಪಿಸಿ ಹೋಗುವ ರೀತಿ ಇದು. ಗುಮ್ಮಟಗಳ ನಗರದಲ್ಲಿ ಗುಮ್ಮಟವನ್ನು ಬೇಡವೆಂದವರನ್ನು ಜನ ಮರೆಯುವರೆ?

ಈಗ ನಮ್ಮ ಕಾಲದ ನೀರಿಗೆ ಬರೋಣ. ಇಂದು ವಿಜಯಪುರದ ಸೀಮೆಗೆ ಕೃಷ್ಣೆಯು ದೊಡ್ಡ ಆಸರೆಯಾಗಿದ್ದಾಳೆ. ಆಲಮಟ್ಟಿಯ ಅಣೆಕಟ್ಟೆಗೆ ೧೯೬೪ರಲ್ಲಿ ಲಾಲ್ ಬಹಾದುರ ಶಾಸ್ತ್ರಿಗಳು ಶಂಕುಸ್ಥಾಪನೆ ಮಾಡಿದರು. ಅದು ಪೂರ್ಣವಾಗುವ ವೇಳೆಗೆ ನಾಲ್ಕು ದಶಕಗಳೇ ಕಳೆದವು. ತುಬಚಿ ಬಬಲೇಶ್ವರ ಏತ ನೀರಾವರಿಯಂಥ ಯೋಜನೆಗಳಿಂದ ನದಿಯ ನೀರು ಎತ್ತರದ ಹೊಲಗಳಿಗೂ ಬತ್ತಿದ ಕೆರೆಗಳಿಗೂ ಏರಿ ಬರುತ್ತಿದೆ. ಬರದ ನಾಡಿನಲ್ಲಿ ಕಬ್ಬೂ ದ್ರಾಕ್ಷಿಯೂ ನಗುತ್ತಿವೆ. ಆದರೆ ಕೃತಜ್ಞನು ಅರಿಯಬೇಕಾದ ಇನ್ನೊಂದು ಸಂಗತಿಯುಂಟು. ಆ ಅಣೆಕಟ್ಟೆಯ ಹಿನ್ನೀರಿನಲ್ಲಿ ಅನೇಕ ಹಳ್ಳಿಗಳು ಮುಳುಗಿದವು. ಬಾಗಿಲಕೋಟೆಯ ಹಳೆಯ ಊರಿನ ಓಣಿಗಳು ಮುಳುಗಿ, ಅಲ್ಲಿಯ ಜನ ನವನಗರಕ್ಕೆ ಹೋಗಿ ಹೊಸದಾಗಿ ಒಲೆ ಹೂಡಬೇಕಾಯಿತು. ತಲೆತಲಾಂತರದ ಹೊಲ, ಅಂಗಳದ ಬೇವಿನ ಮರ, ಊರ ದೇವರ ಕಟ್ಟೆ, ಹಿರಿಯರ ಸಮಾಧಿ ಇವೆಲ್ಲವನ್ನೂ ನೀರಿಗೊಪ್ಪಿಸಿ ಎದ್ದು ಬಂದ ಆ ಮನೆತನಗಳೇ ನಮ್ಮ ಕಾಲದ ಸುರಂಗ ತೋಡಿದವರು. ನಲ್ಲಿಯನ್ನು ತಿರುಹಿದಾಗ ಅವರ ಮುಖ ಕಾಣುವುದಿಲ್ಲ. ಕಾಣದುದನ್ನು ಅರಿಯುವುದೇ ಜ್ಞಾನವಲ್ಲವೆ? ಅವರ ನೆನಪಿರುವ ಮನೆಯಲ್ಲಿ ನಲ್ಲಿಯು ಸುಮ್ಮನೆ ಸುರಿಯಲಾರದು.

ಕೃತಜ್ಞತೆಯನ್ನು ಮನೆಯಲ್ಲಿ ಬೆಳೆಸುವುದಕ್ಕೆ ದೊಡ್ಡ ವ್ರತನಿಯಮಗಳೇನೂ ಬೇಡ. ರಾತ್ರಿಯ ಊಟಕ್ಕೆ ಎಲ್ಲರೂ ಕುಳಿತಾಗ ತಟ್ಟೆಯಲ್ಲಿರುವ ಒಂದೇ ಪದಾರ್ಥವನ್ನು ತೆಗೆದುಕೊಂಡು, ಇದು ಇಲ್ಲಿಗೆ ಹೇಗೆ ಬಂದಿತೆಂದು ಮಕ್ಕಳನ್ನು ಕೇಳಿರಿ. ರೊಟ್ಟಿಯನ್ನು ಬಡಿದವರು ಯಾರು? ಹಿಟ್ಟು ಬೀಸಿದವರು, ತೆನೆ ಕೊಯ್ದವರು, ಬಿತ್ತಿದವರು ಯಾರು? ಬೀಜವನ್ನು ಆರಿಸಿ ಗುಡಾಣದಲ್ಲಿ ಕಾಪಾಡಿದ ಅಜ್ಜಿ ಯಾರು? ಉಪ್ಪು ಯಾವ ಕಡಲಿನದು? ನಾಲ್ಕು ಪ್ರಶ್ನೆಗಳಾಚೆಗೆ ಮಕ್ಕಳು ಹೆಸರುಗಳನ್ನು ಹೇಳಲಾರರು. ಅಲ್ಲಿ ಅವರು ಒಂದು ಗಳಿಗೆ ಸುಮ್ಮನಾಗುವರು. ಆ ಮೌನವೇ ಪಾಠದ ಫಲ. ಉಂಡ ಮನೆಯ ಜಂತಿಯನ್ನು ಎಣಿಸಬಾರದೆಂಬ ಗಾದೆಯು ಕೊರತೆಗಳನ್ನು ಎಣಿಸಬೇಡವೆನ್ನುತ್ತದೆ. ಉಣಿಸಿದ ಕೈಗಳನ್ನು ಎಣಿಸಬೇಕೆಂಬುದನ್ನು ನಾವು ಅದಕ್ಕೆ ಕೂಡಿಸಿಕೊಳ್ಳಬಹುದು. ಹಾಗೆ ಎಣಿಸುವಾಗ ಮನೆಯೊಳಗಿನ ಕೈಗಳನ್ನು ಬಿಡಬಾರದು. ಒಲೆಯ ಮುಂದೆ ಕುಳಿತವಳ ದುಡಿಮೆಯೂ ಸುರಂಗದ ನೀರಿನಂತೆ ಕಣ್ಣಿಗೆ ಬೀಳದೆ ಹರಿಯುತ್ತಿರುತ್ತದೆ. ನಿಂತ ದಿನವೇ ಅದರ ಬೆಲೆ ತಿಳಿಯುವುದು.

ಇನ್ನು, ಅರಿವು ಕೆಲಸವಾಗಬೇಕಷ್ಟೆ. ಊರಿನಲ್ಲಿ ಒಂದು ಹಳೆಯ ಬಾವಿಯಿದ್ದರೆ ಅದಕ್ಕೆ ಕಸ ಬೀಳದಂತೆ ನೋಡಿಕೊಳ್ಳುವುದು, ವಿದ್ಯೆ ಕೊಟ್ಟವರ ಹೆಸರಿನಲ್ಲಿ ಒಂದು ಮಗುವಿಗೆ ಅಕ್ಷರ ಹೇಳಿಕೊಡುವುದು, ಇವು ಯಾರ ಕೈಗೂ ನಿಲುಕದ ಕೆಲಸಗಳಲ್ಲ. ತೊರವಿಯ ನೆಲದಲ್ಲಿಯೇ ಇಂದು ಅಕ್ಕಮಹಾದೇವಿಯ ಹೆಸರಿನ ಮಹಿಳಾ ವಿಶ್ವವಿದ್ಯಾಲಯವಿದೆ. ಹಳ್ಳಿಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು ಅಲ್ಲಿ ಓದುತ್ತಾರೆ. ಹಿಂದೆ ನೀರು ಹೊರಟ ಊರಿನಿಂದ ಇಂದು ವಿದ್ಯೆಯು ಹೊರಡುತ್ತಿರುವುದು ಶುಭಸೂಚನೆ. ಆ ಮಕ್ಕಳನ್ನು ಓದಿಸಲು ತಾವು ಓದದೆ ಹೊಲದಲ್ಲಿ ದುಡಿದ ತಾಯಂದ��ರು ಎಷ್ಟು ಮಂದಿ!

ಈ ಸೀಮೆಯ ವೃದ್ಧೆಯರು ಬಾಯಾರಿದಾಗ ಯಾರಾದರೂ ಒಂದು ಚರಿಗೆ ನೀರು ಕೊಟ್ಟರೆ ಧನ್ಯವಾದವೆಂದು ಹೇಳುವ ರೂಢಿಯಿಲ್ಲ. ‘ನಿನ್ನ ಹೊಟ್ಟಿ ತಣ್ಣಗಿರಲಿ ತಮ್ಮಾ’ ಎಂದು ಹರಸುವರು. ತನಗೆ ದೊರೆತ ತಂಪು ಕೊಟ್ಟವನಿಗೂ ಅವನ ಮಕ್ಕಳುಮರಿಗೂ ದೊರೆಯಲೆಂಬ ಹಾರೈಕೆಯದು. ತೊರವಿಯ ನೆಲದೊಳಗೆ ಕತ್ತಲೆಯಲ್ಲಿ ದುಡಿದು, ಹೆಸರಿಲ್ಲದೆ ಹೋದ ಆ ಹಿರಿಯರಿಗೂ, ನಮಗಾಗಿ ಊರು ತೊರೆದ ಕೃಷ್ಣೆಯ ದಂಡೆಯ ಮನೆತನಗಳಿಗೂ ನಾವು ಹೇಳಬೇಕಾದ ಮಾತು ಇದಕ್ಕಿಂತ ಬೇರೆಯಿಲ್ಲ. ಅವರ ಹೊಟ್ಟೆ ತಣ್ಣಗಿರಲಿ. ಅವರು ಹರಿಯಿಸಿದ ನೀರು ನಮ್ಮ ಕೈಯಲ್ಲಿ ನಿಲ್ಲದಿರಲಿ.